ತಿಂಡಿ ಬೀದಿಯಲ್ಲೊಂದು ಸಂಜೆ

ಬೆಂಗಳೂರಿಗೆ ಮಾಗಿಯ ಚಳಿ ಕಾಲಿಟ್ಟಿತೆಂಬುದನ್ನು ತಿಳಿಯಲು ಪಂಚಾಂಗ ತೆರೆಯಬೇಕಾಗಿಲ್ಲ. ಬೀದಿಯ ಮೂಲೆಯಲ್ಲಿ ಗೋಣಿತಾಟು ಹಾಸಿ ಅವರೆಕಾಯಿ ರಾಶಿ ಸುರಿದರೆಂದರೆ ಸಾಕು; ಅದರ ಸೊಗಡು ಮನೆಯೊಳಗೇ ಬಂದು ಕರೆಯುತ್ತದೆ. ಆದರೆ ಎರಡು ವರ್ಷಗಳಿಂದ ನಮ್ಮ ಮನೆಯಲ್ಲಿ ಆ ಕರೆಗೆ ಯಾರೂ ಓಗೊಟ್ಟಿರಲಿಲ್ಲ.

ತಂದೆಯವರಿದ್ದಾಗಿನ ಮಾತೇ ಬೇರೆ. ಕೃಷ್ಣರಾಜ ಮಾರುಕಟ್ಟೆಯಿಂದ ಚೀಲದ ತುಂಬ ಕಾಯಿ ತರುವುದು ಅವರ ಕೆಲಸ. ರಾತ್ರಿ ಊಟವಾದ ಮೇಲೆ ನಡುಮನೆಯಲ್ಲಿ ಹಳೆಯ ಪತ್ರಿಕೆಗಳನ್ನು ಹಾಸಿ, ಸುತ್ತ ಕುಳಿತು ಸುಲಿಯುವುದು ನಮ್ಮೆಲ್ಲರ ಕೆಲಸ. ನಾವು ಸುಲಿದುದನ್ನು ತಂದೆಯವರು ಕನ್ನಡಕವೇರಿಸಿ ತನಿಖೆ ಮಾಡುವರು. ಅವರ ಕಣ್ಣಿಗೆ ಬೀಳದೆ ಸಾರಿನವರೆಗೆ ಹೋದ ಹುಳು ಒಂದೂ ಇರಲಿಲ್ಲ. ಅವರು ಹೋದ ಮೇಲೆ ಅವರೆಕಾಯಿಯ ಪ್ರಸ್ತಾಪ ಬಂದಾಗಲೆಲ್ಲ ತಾಯಿಯವರು, "ಬೇಡಪ್ಪ, ಹುಳು ನೋಡುವ ಕಣ್ಣು ಈಗ ಯಾರಿಗಿದೆ?" ಎಂದು ಮಾತು ಮುಗಿಸಿಬಿಡುತ್ತಿದ್ದರು. ಊಟದಲ್ಲಿಯೂ ಅವರಿಗೆ ಮೊದಲಿನ ಆಸಕ್ತಿ ಉಳಿದಿರಲಿಲ್ಲ.

ಈ ಸಲ ನನ್ನ ಮನೆಯಾಕೆ ಒಂದು ಉಪಾಯ ಹೂಡಿದಳು. "ಅತ್ತೆಯವರನ್ನು ತಿಂಡಿ ಬೀದಿಗೆ ಕರೆದುಕೊಂಡು ಹೋಗೋಣ. ತಿನ್ನದಿದ್ದರೆ ಬೇಡ, ನೋಡಿಯಾದರೂ ಬರಲಿ" ಎಂದಳು. ಹೊರಗಡೆ ತಿನ್ನುವ ಅಭ್ಯಾಸವೇ ಇಲ್ಲದ ತಾಯಿಯವರು, "ದೇವಸ್ಥಾನಕ್ಕೆ ಹೋಗುವುದಾದರೆ ಬರುತ್ತೇನೆ" ಎಂಬ ಕರಾರಿನ ಮೇಲೆ ಒಪ್ಪಿದರು. ನಾವು ಮೆಟ್ರೋ ರೈಲಿನಲ್ಲಿ ನ್ಯಾಷನಲ್ ಕಾಲೇಜು ನಿಲ್ದಾಣಕ್ಕೆ ಬಂದಿಳಿದು, ಸಜ್ಜನ್ ರಾವ್ ವೃತ್ತದ ಕಡೆಗೆ ನಿಧಾನವಾಗಿ ನಡೆದೆವು. ಸುಬ್ರಹ್ಮಣ್ಯಸ್ವಾಮಿಯ ದರ್ಶನವಾಯಿತು, ಮಂಗಳಾರತಿಯೂ ಆಯಿತು. ಅಲ್ಲಿಂದ ತಿಂಡಿ ಬೀದಿಗೆ ಎಷ್ಟು ದೂರ?

ಈ ಬಡಾವಣೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಹೊತ್ತ ವಿಶ್ವೇಶ್ವರಪುರ. ಬೀದಿಯ ಉದ್ದ ಸುಮಾರು ಒಂದು ಫರ್ಲಾಂಗು. ಹಗಲಿನಲ್ಲಿ ನೋಡಿದವರಿಗೆ ಇದರ ಮಹಿಮೆ ತಿಳಿಯದು. ಸೂರ್ಯ ಇಳಿಯುತ್ತಿದ್ದಂತೆ ಒಂದೊಂದಾಗಿ ಒಲೆಗಳು ಹೊತ್ತಿಕೊಳ್ಳುತ್ತವೆ. ಕಾವಲಿಗಳು ಚುಂಯ್ ಎನ್ನುತ್ತವೆ. ಏಳು ಗಂಟೆಯ ಹೊತ್ತಿಗೆ ಹೆಗಲಿಗೆ ಹೆಗಲು ತಾಕದೆ ನಡೆಯಲಾಗದು. 1953ರಲ್ಲಿ ಆರಂಭವಾದ ವಿ. ಬಿ. ಬೇಕರಿಯ ಬನ್ನು, ಖಾರದ ಕಡಲೆಕಾಯಿ ಬೀಜಗಳ ರುಚಿ ಕಂಡ ಹಳಬರು ಈಗ ಮೊಮ್ಮಕ್ಕಳ ಕೈಹಿಡಿದು ಬರುತ್ತಾರೆ.

ಇಲ್ಲಿ ಕುರ್ಚಿ ಮೇಜುಗಳ ಉಪಚಾರವಿಲ್ಲ. ಕೈಯಲ್ಲಿ ತಟ್ಟೆ, ನಿಂತಲ್ಲೇ ಊಟ. ಒಂದು ಕಡೆ ತಟ್ಟೆ ಇಡ್ಲಿ, ಪಡ್ಡು. ಇನ್ನೊಂದು ಕಡೆ ಕಾದ ಹಂಚಿನ ಮೇಲೆ ಹೋಳಿಗೆ. ಅದರಾಚೆ ಮೆಣಸಿನಕಾಯಿ ಬಜ್ಜಿ, ಅಕ್ಕಿರೊಟ್ಟಿ, ಗುಲ್ಕನ್ ಬೆರೆಸಿದ ಹಣ್ಣಿನ ಹೋಳು. ದೊಡ್ಡ ಅಧಿಕಾರಿಯೂ ಆಟೋ ಚಾಲಕನೂ ಒಂದೇ ಚಟ್ನಿ ಪಾತ್ರೆಯ ಮುಂದೆ ತಟ್ಟೆ ಚಾಚಿ ನಿಂತಿರುವುದನ್ನು ಕಂಡರೆ, ಹಸಿವಿಗೆ ಹುದ್ದೆಯಿಲ್ಲವೆಂಬುದು ಮನಸ್ಸಿಗೆ ತಟ್ಟುತ್ತದೆ.

ಆದರೆ ಮಾಗಿಯಲ್ಲಿ ಈ ಬೀದಿಯ ಅರಸು ಅವರೆಕಾಯಿಯೇ. ಇಲ್ಲಿನ ಅಂಗಡಿಯವರು ಹುಟ್ಟುಹಾಕಿದ ಅವರೆಕಾಯಿ ಮೇಳ ಬಹುಕಾಲ ಈ ಬೀದಿಯಲ್ಲಿಯೇ ನಡೆದು, 2023ರಲ್ಲಿ ನ್ಯಾಷನಲ್ ಕಾಲೇಜಿನ ಮೈದಾನಕ್ಕೆ ಹೋಯಿತು. ಮೇಳ ಹೋದರೂ ಸೊಗಡು ಹೋಗಿಲ್ಲ. ಅವರೆಬೇಳೆಯ ದೋಸೆ, ಅವರೆಕಾಳಿನ ಉಪ್ಪಿಟ್ಟು, ಕರಿಬೇವು ಸೇರಿಸಿ ಕರಿದ ಬೇಳೆ—ಎತ್ತ ತಿರುಗಿದರೂ ಅದೇ.

ಈ ಸೊಗಡೆಂಬುದು ಏನು? ಕಾಯಿಯ ಸಿಪ್ಪೆಯ ಮೇಲೆ ಎಣ್ಣೆಯಂತಹ ಜಿಗುಟು ಅಂಶವೊಂದಿದೆ. ಪರಿಮಳ ಅದರಿಂದ ಬರುವುದು. ಹಳೆಯ ನಾಟಿ ತಳಿಗಳು ಹಗಲು ಕುಗ್ಗಿದಾಗಲೇ ಹೂ ಬಿಡುವವು; ಆದುದರಿಂದಲೇ ಅವರೆಗೆ ಚಳಿಗಾಲದ ಕಟ್ಟು. ಹಗಲಿನ ಉದ್ದವನ್ನು ಲೆಕ್ಕಿಸದೆ ಯಾವ ಕಾಲದಲ್ಲಿಯೂ ಕಾಯಿ ಬಿಡುವ 'ಹೆಬ್ಬಾಳ ಅವರೆ' ತಳಿಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಬೆಳಕಿಗೆ ತಂದಿದ್ದಾರೆ. ರೈತನಿಗೆ ಅದು ದೊಡ್ಡ ಅನುಕೂಲವೇ ಸರಿ. ಆದರೂ ಹಿಮ ಬಿದ್ದ ಕಾಯಿಗೆ ಸಮನಿಲ್ಲವೆಂದು ನಾಲಗೆ ಹಟ ಹಿಡಿಯುತ್ತದೆ.

ಒಂದು ಅಂಗಡಿಯ ಪಕ್ಕದಲ್ಲಿ ನಡುವಯಸ್ಸಿನ ಹೆಂಗಸೊಬ್ಬಳು ನೀರಿನಲ್ಲಿ ನೆನೆದ ಕಾಳುಗಳನ್ನು ಹಿತುಕುತ್ತ ಕುಳಿತಿದ್ದಳು. ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿದರೆ ಬೇಳೆ ಚಿಮ್ಮಿ ಬೋಗುಣಿಗೆ ಬೀಳುವುದು, ಸಿಪ್ಪೆ ಕೈಯಲ್ಲುಳಿಯುವುದು. ತಾಯಿಯವರ ಕಾಲು ಅಲ್ಲಿಯೇ ನಿಂತಿತು. ಬುಟ್ಟಿಯಿಂದ ಒಂದು ಕಾಯಿ ತೆಗೆದು ಅಂಗೈಯಲ್ಲಿ ಉಜ್ಜಿ ಮೂಸಿದರು.

"ಯಾವ ಕಡೆಯದಮ್ಮ?"

"ಮಾಗಡಿ ಕಡೇದು ಅಜ್ಜಿ. ಬೆಳಿಗ್ಗೆ ಬಂದದ್ದು."

"ಒಬ್ಬಳೇ ಇಷ್ಟೂ ಹಿತುಕುತ್ತೀಯಾ?"

"ನಮ್ಮತ್ತೆ ಇದ್ದಾಗ ಇಬ್ಬರೂ ಕೂತು ಮಾಡ್ತಿದ್ದೆವು. ಈಗ ನಾನೊಬ್ಬಳೇ. ರಸ್ತೆ ಅಗೆದಿದ್ದಾಗ ಆರೇಳು ತಿಂಗಳು ವ್ಯಾಪಾರವೇ ಇರಲಿಲ್ಲ. ಕೆಲಸ ನಿಲ್ಲಿಸಿಬಿಡೋಣ ಅನ್ನಿಸಿತ್ತು. ಈ ವಾಸನೆ ಬಿಟ್ಟು ಎಲ್ಲಿಗೆ ಹೋಗಲಿ ಹೇಳಿ!"

ಬೀದಿ ವ್ಯಾಪಾರಿಗಳ ಬದುಕು ಸೂಕ್ಷ್ಮವಾದದ್ದು. ಒಲೆ ಒಂದು ದಿನ ಹೊತ್ತದಿದ್ದರೆ ಅಂದಿನ ಸಂಪಾದನೆಯೇ ಇಲ್ಲ. ಅವರ ರಕ್ಷಣೆಗಾಗಿ ಪಾರ್ಲಿಮೆಂಟು 2014ರಲ್ಲಿ ಕಾನೂನು ಮಾಡಿತು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕೆಂದೂ, ಅವರಲ್ಲಿ ಮೂರನೆಯ ಒಂದು ಪಾಲು ಮಹಿಳೆಯರಾಗಿರಬೇಕೆಂದೂ ಅದರಲ್ಲಿದೆ. ಆ ಹೆಂಗಸಿನ ಬೆರಳುಗಳನ್ನು ನೋಡಿದಾಗ, ಕಾನೂನಿನ ಆ ಸಾಲಿನ ಹಿಂದೆ ಎಂತಹ ದುಡಿಮೆಯಿದೆಯೆಂಬುದು ಅರ್ಥವಾಯಿತು.

ತಾಯಿಯವರು ಮಾತನಾಡಲಿಲ್ಲ. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಪಕ್ಕದ ಮಣೆಯ ಮೇಲೆ ಕುಳಿತೇಬಿಟ್ಟರು! "ಬಿಡಿ ಅಜ್ಜಿ, ನಿಮಗೇಕೆ?" ಎಂದು ಆಕೆ ಎನ್ನುತ್ತಿದ್ದರೂ ಕೇಳದೆ ಹತ್ತು ನಿಮಿಷ ಬೇಳೆ ಹಿತುಕಿದರು. ಕಣ್ಣು ಕಾಣದೆಂದು ಹೇಳುತ್ತಿದ್ದವರ ಬೆರಳಿಗೆ ಕಣ್ಣಿನ ಅಗತ್ಯವೇ ಇದ್ದಂತೆ ಕಾಣಲಿಲ್ಲ. ಆಕೆ ಬಿಸಿ ದೋಸೆಯೊಂದನ್ನು ತಂದು ಅವರ ಕೈಗಿತ್ತಳು. ನಾನೂ ಮನೆಯಾಕೆಯೂ ಮುಖ ಮುಖ ನೋಡಿಕೊಂಡೆವು. ತಾಯಿಯವರು ಒಂದು ತುಣುಕು ಮುರಿದು ಬಾಯಿಗಿಟ್ಟು, "ಉಪ್ಪು ಒಂದು ಕಲ್ಲು ಹೆಚ್ಚಾಯಿತು" ಎಂದರು. ಆದರೆ ಪೂರ್ತಿ ತಿಂದರು. ದೋಸೆಯ ಹಣವನ್ನು ಆಕೆ ಎಷ್ಟು ಹೇಳಿದರೂ ತೆಗೆದುಕೊಳ್ಳಲಿಲ್ಲ.

ಹೊರಡುವಾಗ ತಾಯಿಯವರೇ ಐದು ಕಿಲೋ ಕಾಯಿ ತೂಗಿಸಿದರು. "ಅಮ್ಮ, ಹುಳು ನೋಡುವವರು?" ಎಂದು ನಾನು ಅಂಜುತ್ತಲೇ ಕೇಳಿದೆ. ಅವರು ಎಂಟು ವರ್ಷದ ಮೊಮ್ಮಗನ ಕಡೆ ತಿರುಗಿ, "ಪುಟ್ಟನ ಕಣ್ಣು ಚುರುಕಾಗಿದೆಯಲ್ಲ" ಎಂದರು.

ಆ ರಾತ್ರಿ ಎರಡು ವರ್ಷಗಳ ಬಳಿಕ ನಡುಮನೆಯಲ್ಲಿ ಹಳೆಯ ಪತ್ರಿಕೆಗಳನ್ನು ಹಾಸಿದೆವು. ಪುಟ್ಟನು ತಾತನ ಕನ್ನಡಕದ ಗೂಡನ್ನು ಪಕ್ಕದಲ್ಲಿಟ್ಟುಕೊಂಡು, ಗಂಭೀರವಾಗಿ ತನಿಖೆಗೆ ಕುಳಿತನು. ಮೊದಲ ಹುಳು ಸಿಕ್ಕಾಗ ಅವನು ಹಾಕಿದ ಕೂಗಿಗೆ ಪಕ್ಕದ ಮನೆಯವರು ಬಾಗಿಲು ತೆರೆದು ವಿಚಾರಿಸಿದರು. ತಾಯಿಯವರು ನಕ್ಕುಬಿಟ್ಟರು. ಮರುದಿನ ಮನೆಯಲ್ಲಿ ಹಿತುಕಿದ ಬೇಳೆಯ ಸಾರು. ಪಕ್ಕದ ಮನೆಗೂ ಒಂದು ಪಾತ್ರೆ ಹೋಯಿತು.