ಬುಟಿಬೋರಿಯ ಬಕೆಟ್ಟು, ಕೈಗಾದ ಕೊಳವೆ

ಮಕ್ಕಳೇ, ನಾಗಪುರದ ದಕ್ಷಿಣಕ್ಕಿರುವ ನಮ್ಮ ಬುಟಿಬೋರಿ ಕಾರ್ಖಾನೆಗಳ ಊರು. ನಮ್ಮನೆಯ ಕಬ್ಬಿಣದ ಬಕೆಟ್ಟು ಇಲ್ಲಿ ಎರಡೇ ಮಳೆಗಾಲಕ್ಕೆ ತುಕ್ಕು ಹಿಡಿದು ತೂತಾಯಿತು. ಹಾಗಾದರೆ ಕಾರವಾರದ ಕಡೆ, ಕಾಳಿ ನದಿಯ ದಡದ ಕೈಗಾ ಅಣುಸ್ಥಾವರದಲ್ಲಿ ಹಗಲೂ ರಾತ್ರಿ ಬಿಸಿನೀರು ಹರಿಯುವ ಉಕ್ಕಿನ ಕೊಳವೆಗಳ ಗತಿಯೇನು ಅನ್ನುತ್ತೀರಾ?

ಅಲ್ಲಿ ರಿಯಾಕ್ಟರಿನ ಶಾಖ ಹೊರುವುದು ಭಾರಜಲ. ಅದರಲ್ಲಿ ಆಮ್ಲಜನಕ ಉಳಿಯಗೊಡುವುದಿಲ್ಲ. ಚೂರು ಲಿಥಿಯಂ ಹೈಡ್ರಾಕ್ಸೈಡ್ ಬೆರೆಸಿ ಪಿ.ಎಚ್. ಅನ್ನು 10ಕ್ಕಿಂತ ತುಸು ಮೇಲಿಡುತ್ತಾರೆ. ಆಗ ಉಕ್ಕಿನ ಮೇಲೆ ಕೆಂಪು ತುಕ್ಕಲ್ಲ, ಮ್ಯಾಗ್ನೆಟೈಟ್ ಎಂಬ ಕಪ್ಪು ಪದರ ಕೂರುತ್ತದೆ. ಪಳಗಿದ ದೋಸೆ ಕಾವಲಿಯ ಕಪ್ಪಿನಂತೆ ಅದೇ ಕೊಳವೆಗೆ ರಕ್ಷೆ. ನೀರಿನ ಹದ ತಪ್ಪಿದರೆ ಸವೆದ ಲೋಹ ರಿಯಾಕ್ಟರಿನೊಳಗೆ ಸುತ್ತಿ ವಿಕಿರಣ ಹೊತ್ತು ಬರುತ್ತದೆ. ಮುಂದೆ ರಿಪೇರಿಗೆ ಇಳಿಯುವವರಿಗೆ ಅಪಾಯ.

ಕೈಗಾದ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ಓಡಿ ಅಂದಿಗೆ ವಿಶ್ವದಾಖಲೆ ಮಾಡಿತು. ನಮ್ಮ ಬಕೆಟ್ಟು ಅಷ್ಟು ದಿನ ಬಾಳಲಿಲ್ಲ!