ಗಟ್ಟಿಯಾಗುವ ಹೊತ್ತಿನಲ್ಲಿ ಸಿಮೆಂಟಿನ ಒಳಗೆ

ಕಲಬುರಗಿ ಜಿಲ್ಲೆಯ ಚಿಂಚೋಳಿಯಲ್ಲಿ ಬೆಳಿಗ್ಗೆ ಎಂಟಕ್ಕೇ ಬಿಸಿಲು ಚುರುಗುಟ್ಟುತ್ತಿದೆ. ಕಟ್ಟುತ್ತಿರುವ ಮನೆಯೊಂದರ ಮುಂದೆ ನೀವು ನಿಂತಿದ್ದೀರಿ. ಕಾಲಡಿಗೆ ಶಹಾಬಾದದ ಫರಸಿ, ಪಕ್ಕದಲ್ಲಿ ಉಸುಕಿನ ಗುಡ್ಡೆ. ಹುಡುಗನೊಬ್ಬ 53 ಗ್ರೇಡಿನ ಸಿಮೆಂಟ್ ಚೀಲದ ಬಾಯಿ ಹರಿದು ಬೂದು ಪುಡಿ ಸುರಿಯುತ್ತಾನೆ, ಸಲಿಕೆಯಿಂದ ನಡುವೆ ಗುಣಿ ಮಾಡಿ ನೀರು ಬಿಡುತ್ತಾನೆ.

ಮೇಲಿನಿಂದ ಗೌಂಡಿ ಕೂಗುತ್ತಾನೆ: “ಏ ತಮ್ಮಾ, ನೀರು ಸಾಕು ಮಾಡು. ಮಾಲು ಲಗೂನ ತಾ, ಗಟ್ಟಿ ಆಗ್ಲಿಕ್ಕತ್ತದ!”

“ಬಂದೆ ಕಾಕಾ!”

ಕರಣೆ ಮುಟ್ಟಿದರೆ ಸಾಕು, ಮಾಲು ಇನ್ನೆಷ್ಟು ಹೊತ್ತು ಮಾತು ಕೇಳುತ್ತದೆ ಎಂದು ಗೌಂಡಿಯ ಕೈಗೆ ತಿಳಿಯುತ್ತದೆ. ಭಾರತೀಯ ಮಾನದಂಡವೂ ಇದನ್ನೇ ಅಂಕಿಯಲ್ಲಿ ಹೇಳುತ್ತದೆ. ಸಿಮೆಂಟ್ ಕಲಸಿದ ಮೇಲೆ 30 ನಿಮಿಷವಾದರೂ ಬಿಗಿಯಬಾರದು, 600 ನಿಮಿಷದೊಳಗೆ ಬಿಗಿದಿರಬೇಕು, 28ನೇ ದಿನ ಒತ್ತಿ ನೋಡಿದರೆ 53 ಮೆಗಾಪಾಸ್ಕಲ್ ತಾಳಬೇಕು. ಈ ಮೂರೂ ಹೊರಗಿನಿಂದ ಮಾಡುವ ಪರೀಕ್ಷೆಗಳು. ಪುಡಿಗೆ ನೀರು ತಾಗಿದ ಗಳಿಗೆಯಿಂದ ಒಳಗೆ ಏನೇನು ಕರಗುತ್ತದೆ, ಏನೇನು ಹುಟ್ಟುತ್ತದೆ? ಆ ಕೆಲಸವನ್ನು ನಿಲ್ಲಿಸದೆ, ಅದು ನಡೆಯುತ್ತಿರುವಾಗಲೇ ನೋಡಬೇಕು.

ಈ ಪುಡಿ ಹುಟ್ಟುವ ಜಾಗ ನೋಡಲು ಮೊದಲು ಸೇಡಂ ದಾರಿ ಹಿಡಿಯಿರಿ. ತೊಗರಿ ಹೊಲಗಳ ಆಚೆ ಚಿಮಣಿಗಳು ಕಾಣತೊಡಗುತ್ತವೆ. ಚಿಂಚೋಳಿ ತಾಲ್ಲೂಕಿನ ಕಲ್ಲೂರಿನಲ್ಲಿ ಚೆಟ್ಟಿನಾಡ್, ಸೇಡಂನಲ್ಲಿ ವಾಸವದತ್ತಾ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದಲ್ಲಿ ರಾಜಶ್ರೀ, ಆಚೆ ವಾಡಿಯಲ್ಲಿ ಎಸಿಸಿ. ಎಲ್ಲಕ್ಕೂ ಆಧಾರ ಈ ನೆಲದ ಸುಣ್ಣದ ಕಲ್ಲು.

ಇಂಥದೊಂದು ಕಾರ್ಖಾನೆಯ ಕಿಲ್ನ್ ಹತ್ತಿರ ನಿಂತರೆ ಮುಖಕ್ಕೆ ಝಳ ಹೊಡೆಯುತ್ತದೆ. ಒಳಗೋಡೆಗೆ ಇಟ್ಟಿಗೆ ಕಟ್ಟಿದ ಭಾರಿ ಉಕ್ಕಿನ ಕೊಳವೆ, ತುಸು ಓರೆಯಾಗಿ ಮಲಗಿ ನಿಧಾನಕ್ಕೆ ತಿರುಗುತ್ತಿದೆ. ಸುಮಾರು 900 ಡಿಗ್ರಿಯಲ್ಲಿ ಸುಣ್ಣದ ಕಲ್ಲು ತನ್ನ ಇಂಗಾಲದ ಡೈಆಕ್ಸೈಡನ್ನು ಬಿಟ್ಟುಕೊಡುತ್ತದೆ. ಶುದ್ಧ ಕಲ್ಲಾದರೆ 100 ಕಿಲೋದಲ್ಲಿ 44 ಕಿಲೋ ಗಾಳಿಗೆ ಹೋಗುತ್ತದೆ. ಮುಂದೆ 1450 ಡಿಗ್ರಿಯಲ್ಲಿ ಉಳಿದ ಸುಣ್ಣ ಸಿಲಿಕಾದ ಜೊತೆ ಬೆರೆತು ಆಲೈಟ್, ಬೆಲೈಟ್ ಎಂಬ ಹರಳುಗಳಾಗುತ್ತದೆ. ಕರಿ ಉಂಡೆಗಳಾಗಿ ಹೊರಬೀಳುವ ಕ್ಲಿಂಕರನ್ನು ತಣ್ಣನೆಯ ಗಾಳಿ ಊದಿ ಬೇಗ ಆರಿಸುತ್ತಾರೆ. ನಿಧಾನಕ್ಕೆ ಆರಿದರೆ ಬೆಲೈಟ್ ತನ್ನ ಹರಳಿನ ರಚನೆ ಬದಲಿಸಿ ಹಿಗ್ಗುತ್ತದೆ, ಉಂಡೆ ತಾನಾಗಿಯೇ ಒಡೆದು ಪುಡಿಯಾಗುತ್ತದೆ. ಹಾಗೆ ಬದಲಾದ ಬೆಲೈಟ್ ನೀರಿನೊಂದಿಗೆ ಹೆಚ್ಚುಕಡಿಮೆ ಕೂಡುವುದೇ ಇಲ್ಲ.

ಕಾರ್ಖಾನೆಯ ಪ್ರಯೋಗಾಲಯದಲ್ಲೂ ಎಕ್ಸ್-ರೇ ಯಂತ್ರವಿರುತ್ತದೆ. ತಣ್ಣಗಾದ ಕ್ಲಿಂಕರನ್ನು ಅರೆದು, ಬಿಲ್ಲೆಯಂತೆ ಒತ್ತಿ ಒಳಗಿಡುತ್ತಾರೆ. ಹರಳಿನ ಪರಮಾಣು ಸಾಲುಗಳಿಗೆ ತಾಗಿದ ಕಿರಣ ಗೊತ್ತಾದ ಕೋನಗಳಲ್ಲಿ ಮಾತ್ರ ಬಲವಾಗಿ ಚದುರುತ್ತದೆ. ತಾಮ್ರದ ಟ್ಯೂಬ್ ಇದ್ದರೆ ಸುಣ್ಣದ ಕಲ್ಲಿನ ಮುಖ್ಯ ಗುರುತು 29.4 ಡಿಗ್ರಿಯಲ್ಲಿ, ಯಾವುದರ ಜೊತೆಗೂ ಕೂಡದೆ ಉಳಿದ ಬಿಡಿ ಸುಣ್ಣದ್ದು 37.4ರ ಹತ್ತಿರ. ದಿನದ ಉತ್ಪಾದನೆಗೆ ಈ ಲೆಕ್ಕ ಬಹಳ ಮುಖ್ಯ. ಆದರೆ ಈ ಕಿರಣದ ಶಕ್ತಿ 8 ಕಿಲೋ ಎಲೆಕ್ಟ್ರಾನ್ ವೋಲ್ಟ್ ಮಾತ್ರ. ಸುಣ್ಣದ ಕಲ್ಲಿನಲ್ಲಿ 50 ಮೈಕ್ರಾನ್ ಇಳಿಯುವಷ್ಟರಲ್ಲಿ ಅದರ ಮೂರನೇ ಎರಡು ಭಾಗ ಇಂಗಿಹೋಗುತ್ತದೆ. ತಲೆಗೂದಲಿನ ದಪ್ಪಕ್ಕೂ ಕಡಿಮೆ ಆಳ. ಹಸಿ ಸಿಮೆಂಟನ್ನು ಇಟ್ಟರೆ ಮೇಲೆ ಮುಚ್ಚಿದ ಪೊರೆಯ ಕೆಳಗೆ ನೀರು ಸೇರಿಕೊಂಡು, ಕಾಣುವುದು ಆ ತೆಳುಪದರದ ಕಥೆ ಮಾತ್ರ ಆಗುತ್ತದೆ.

ಇನ್ನೂ ಆಳಕ್ಕಿಳಿಯುವ ಕಿರಣ ಬೇಕು. ಅದಕ್ಕಾಗಿ ಈಗ ನೀವು ಜರ್ಮನಿಯ ಹ್ಯಾಂಬರ್ಗ್‌ನಲ್ಲಿದ್ದೀರಿ. ಕಿಸೆಯ ಡಬ್ಬಿಯಲ್ಲಿ ಚಿಂಚೋಳಿಯ ಆ ಚೀಲದ್ದೇ ಒಂದು ಚಿಟಿಕೆ ಸಿಮೆಂಟ್. ನೀವು ನಿಂತಿರುವುದು ಡೆಸಿ ಸಂಸ್ಥೆಯ ಪೆಟ್ರಾ-3 ಸಿಂಕ್ರೊಟ್ರಾನ್‌ನ ಪ್ರಯೋಗಶಾಲೆಯಲ್ಲಿ. ಈ ಪ್ರಯೋಗಶಾಲೆಗೆ 1912ರಲ್ಲಿ ಹರಳುಗಳಿಂದ ಎಕ್ಸ್-ರೇ ಚದುರುವಿಕೆಯ ದಾರಿ ತೋರಿಸಿದ ಮ್ಯಾಕ್ಸ್ ಫಾನ್ ಲಾವೆಯ ಹೆಸರು. ಕಾಲಡಿಯ ನೆಲ ಸುಮಾರು 280 ಮೀಟರ್ ಉದ್ದ, 1 ಮೀಟರ್ ದಪ್ಪದ ಒಂದೇ ಕಾಂಕ್ರೀಟ್ ಹಾಸು. ಎಲ್ಲೂ ಜೋಡಣೆಯಿಲ್ಲ. ಕೂದಲೆಳೆಗಿಂತ ಸಣ್ಣ ಕಿರಣ ಅಲುಗದೆ ನಿಲ್ಲಬೇಕಾದರೆ ನೆಲ ಅಷ್ಟು ಗಟ್ಟಿಯಾಗಿರಬೇಕು.

ಪಕ್ಕದ ಸುರಂಗದಲ್ಲಿ 2.3 ಕಿಲೋಮೀಟರ್ ಸುತ್ತಳತೆಯ ವರ್ತುಲ. ಅದರಲ್ಲಿ ಎಲೆಕ್ಟ್ರಾನ್‌ಗಳು ಬೆಳಕಿಗೆ ಅತಿ ಸಮೀಪದ ವೇಗದಲ್ಲಿ ಸೆಕೆಂಡಿಗೆ ಸುಮಾರು 1,30,000 ಸುತ್ತು ಹೊಡೆಯುತ್ತಿವೆ. ಸಾಲು ಕಾಂತಗಳ ನಡುವೆ ಹಾದಾಗ ಎಡಕ್ಕೆ ಬಲಕ್ಕೆ ತೊನೆದು ಎಕ್ಸ್-ರೇ ಸೂಸುತ್ತವೆ. ಪಿ02.1 ಎಂಬ ಕವಲಿಗೆ ಬರುವ ಕಿರಣದ ಶಕ್ತಿ 60 ಕಿಲೋ ಎಲೆಕ್ಟ್ರಾನ್ ವೋಲ್ಟ್. ಇದು ಸುಣ್ಣದ ಕಲ್ಲಿನಲ್ಲಿ ಒಂದು ಸೆಂಟಿಮೀಟರ್‌ನಷ್ಟು ಇಳಿಯುತ್ತದೆ. ಕಾರ್ಖಾನೆಯ ಯಂತ್ರದ ಕಿರಣಕ್ಕೆ ಹೋಲಿಸಿದರೆ 200 ಪಟ್ಟು ಆಳ.

ಒಂದು ಮಿಲಿಮೀಟರ್ ಅಗಲದ ಗಾಜಿನ ನಳಿಕೆಗೆ ಹಸಿ ಸಿಮೆಂಟ್ ತುಂಬಿ ಬಾಯಿ ಮುಚ್ಚಿ. ಗಡಿಯಾರ ಈಗಲೇ ಓಡುತ್ತಿದೆ, ಬೇಗ. ನಳಿಕೆಯನ್ನು ಕಿರಣದ ಕೋಣೆಯಲ್ಲಿ ನಿಲ್ಲಿಸಿ, ಒಳಗೆ ಯಾರೂ ಉಳಿದಿಲ್ಲವೆಂದು ನೋಡಿ, ಗುಂಡಿ ಒತ್ತಿ ಹೊರಬಂದು ಸೀಸದ ಬಾಗಿಲು ಎಳೆಯಿರಿ. ಬೀಗ ಬಿದ್ದ ಮೇಲಷ್ಟೇ ಕಿರಣ ಒಳಗೆ ಬರುತ್ತದೆ.

ಪರದೆಯ ಮೇಲೆ ಒಂದರೊಳಗೊಂದು ಉಂಗುರಗಳು ಮೂಡುತ್ತವೆ. ಕಿರಣದ ಶಕ್ತಿ ಹೆಚ್ಚಿದಷ್ಟೂ ಕೋನಗಳು ಕಿರಿದಾಗುತ್ತವೆ. ಕಾರ್ಖಾನೆಯ ಯಂತ್ರದಲ್ಲಿ 29.4 ಡಿಗ್ರಿಯಲ್ಲಿದ್ದ ಸುಣ್ಣದ ಕಲ್ಲಿನ ಗುರುತು ಇಲ್ಲಿ 4 ಡಿಗ್ರಿಗಿಂತ ಒಳಗೆ. ಹಾಗಾಗಿ ಒಂದೊಂದೇ ಕೋನ ಹುಡುಕುತ್ತ ಕೂರಬೇಕಿಲ್ಲ, ಸುಮಾರು 40 ಸೆಂಟಿಮೀಟರ್ ಚೌಕದ ಒಂದೇ ಡಿಟೆಕ್ಟರ್ ಎಲ್ಲ ಉಂಗುರಗಳನ್ನೂ ಕೆಲವೇ ಸೆಕೆಂಡಿನಲ್ಲಿ ಹಿಡಿಯುತ್ತದೆ. ಚಿತ್ರದ ಹಿಂದೆ ಚಿತ್ರ ಬರುತ್ತಲೇ ಇರುತ್ತದೆ.

ಡಿಟೆಕ್ಟರ್ ಒಂದು ಮೀಟರ್ ದೂರದಲ್ಲಿದೆ ಎನ್ನಿ. ನಡುವಿನಿಂದ ಏಳು ಸೆಂಟಿಮೀಟರ್ ಆಚೀಚೆ ಆಲೈಟ್, ಬೆಲೈಟ್‌ಗಳ ದಟ್ಟ ಉಂಗುರಗಳು. ಎರಡೂಮುಕ್ಕಾಲರಲ್ಲಿ, ಕ್ಲಿಂಕರ್ ಜೊತೆ ಅರೆದು ಬೆರೆಸಿರುವ ಜಿಪ್ಸಂ. ಕೆಲ ನಿಮಿಷ ಕಳೆದಾಗ ಅದಕ್ಕೂ ಒಳಗೆ, ಎರಡು ಸೆಂಟಿಮೀಟರಿನಲ್ಲಿ, ಮಸುಕು ಗೆರೆಯೊಂದು ಹುಟ್ಟುತ್ತದೆ. ಅದು ಎಟ್ರಿಂಗೈಟ್. ಸಿಮೆಂಟಿನಲ್ಲಿರುವ ಅಲ್ಯುಮಿನೇಟ್ ಬಲು ಆತುರದ್ದು, ಅದರ ಪಾಡಿಗೆ ಬಿಟ್ಟರೆ ಮಾಲು ಬುಟ್ಟಿಯಲ್ಲೇ ಬಿಗಿದುಬಿಡುತ್ತದೆ. ಜಿಪ್ಸಂ ಅದರೊಂದಿಗೆ ಕೂಡಿ ಸೂಜಿಯಂಥ ಎಟ್ರಿಂಗೈಟ್ ಹರಳಾಗಿ ಆ ಆತುರವನ್ನು ತಡೆಯುತ್ತದೆ. ಚಿಂಚೋಳಿಯ ಹುಡುಗನಿಗೆ ಬುಟ್ಟಿ ಹೊತ್ತು ಮೆಟ್ಟಿಲೇರಲು ಸಿಗುವ ಹೊತ್ತು ಇಲ್ಲಿ, ಈ ಮಸುಕು ಗೆರೆಯಲ್ಲಿ, ನಿರ್ಧಾರವಾಗುತ್ತಿದೆ.

ಆಮೇಲೆ ಉಂಗುರಗಳು ಹೆಚ್ಚು ಬದಲಾಗುವುದಿಲ್ಲ. ಎರಡು-ಮೂರು ತಾಸು ಕಳೆಯುತ್ತದೆ. ಆಗ ನಾಲ್ಕು ಸೆಂಟಿಮೀಟರ್ ಹತ್ತಿರ ಹೊಸ ಉಂಗುರ, ನೀರು ಕುಡಿದ ಸುಣ್ಣದ ಹರಳು, ಪೋರ್ಟ್‌ಲ್ಯಾಂಡೈಟ್. ಅದು ಬಲಗೊಂಡಂತೆ ಆಲೈಟ್ ಕ್ಷೀಣಿಸುತ್ತದೆ. ಮಾಲು ಕಲ್ಲಾಗುತ್ತಿದೆ.

ಆದರೆ ಸಿಮೆಂಟಿಗೆ ಬಲ ಕೊಡುವ ಮುಖ್ಯ ವಸ್ತು ಕ್ಯಾಲ್ಸಿಯಂ ಸಿಲಿಕೇಟ್ ಹೈಡ್ರೇಟ್ ಉಂಗುರ ಬಿಡಿಸುವುದೇ ಇಲ್ಲ. ಅದು ಸರಿಯಾದ ಹರಳಲ್ಲ, ಹಿನ್ನೆಲೆಯಲ್ಲಿ ಮಬ್ಬು ಉಬ್ಬಾಗಿ ಕೂರುತ್ತದೆ. ಅಧಿಕ ಶಕ್ತಿಯ ಕಿರಣದ ನಿಜವಾದ ಉಪಕಾರ ಇಲ್ಲಿದೆ. ದೂರದ ಅಂಚಿನವರೆಗಿನ ಮಬ್ಬನ್ನೂ ಬಿಡದೆ ಅಳೆದು ಲೆಕ್ಕ ಹಾಕಿದರೆ ಪರಮಾಣುಗಳ ನಡುವಿನ ಅಂತರಗಳೇ ಹೊರಬರುತ್ತವೆ. ಸಿಲಿಕಾನ್‌ಗೂ ಆಕ್ಸಿಜನ್‌ಗೂ ನಡುವೆ 1.6 ಆಂಗ್‌ಸ್ಟ್ರಮ್, ಕ್ಯಾಲ್ಸಿಯಂಗೂ ಆಕ್ಸಿಜನ್‌ಗೂ ನಡುವೆ ಸುಮಾರು 2.4. ಕೆಲವು ನ್ಯಾನೋಮೀಟರ್ ದಾಟಿದರೆ ಕ್ರಮ ಕರಗಿಹೋಗುತ್ತದೆ. ನಮ್ಮ ಮನೆ, ಸೇತುವೆ, ಅಣೆಕಟ್ಟುಗಳನ್ನು ಹಿಡಿದು ನಿಲ್ಲಿಸಿರುವುದು ಇಷ್ಟು ಚಿಕ್ಕ ಕ್ರಮ.

ನಳಿಕೆಯ ಬದಲು ಕುಲುಮೆ ಇಟ್ಟರೆ ಕಿಲ್ನ್ ಒಳಗಿನ ಘಟನೆಯೂ ಹೀಗೆಯೇ ಕಾಣುತ್ತದೆ. ಎಷ್ಟು ಡಿಗ್ರಿಯಲ್ಲಿ ಆಲೈಟ್ ಹುಟ್ಟಿತು, ಆರುವಾಗ ಬೆಲೈಟ್ ಯಾವ ಗಳಿಗೆಯಲ್ಲಿ ರಚನೆ ಬದಲಿಸಿತು ಎಂಬುದನ್ನು ತಣ್ಣಗಾದ ಉಂಡೆ ಹೇಳಲಾರದು. ಬಿಸಿಯಲ್ಲೇ ಕೇಳಬೇಕು.

ಈ ಕೆಲಸದ ತುರ್ತು, ಇಷ್ಟೊಂದು ಸಿಮೆಂಟ್ ಕಾರ್ಖಾನೆಗಳಿರುವ ಕಲಬುರಗಿ ಜಿಲ್ಲೆಗೆ ಬೇರೆಡೆಗಿಂತ ಹೆಚ್ಚು. ಕಲ್ಲು ಬೇಯಿಸುತ್ತಿರುವವರೆಗೂ ಇಂಗಾಲ ಗಾಳಿಗೆ ಸೇರುತ್ತಲೇ ಇರುತ್ತದೆ, ಹಾಗಾಗಿ ಬೇಯಿಸುವ ಕಲ್ಲನ್ನು ಕಡಿಮೆ ಮಾಡುವ ಸಿಮೆಂಟ್ ಬಂದಿದೆ. ಅದರಲ್ಲಿ ಕ್ಲಿಂಕರ್ ಸುಮಾರು ಅರ್ಧ, ಉಳಿದದ್ದು ಹದವಾಗಿ ಸುಟ್ಟ ಜೇಡಿ, ಸುಡದ ಸುಣ್ಣದ ಕಲ್ಲಿನ ಪುಡಿ, ಜಿಪ್ಸಂ. ಇದಕ್ಕೆ 2023ರಲ್ಲಿ ಭಾರತೀಯ ಮಾನದಂಡವೂ ಬಂತು. ಈ ಸಿಮೆಂಟಿನಲ್ಲಿ ಸುಣ್ಣದ ಕಲ್ಲು ಬೇಯದೆಯೇ ಕೆಲಸಕ್ಕೆ ಇಳಿಯುತ್ತದೆ, ಅಲ್ಯುಮಿನೇಟ್ ಜೊತೆ ಕೂಡಿ ಹೊಸ ಹರಳು ಕಟ್ಟುತ್ತದೆ, ಪರದೆಯ ಮೇಲೆ ಹೊಸ ಉಂಗುರ ಮೂಡಿಸುತ್ತದೆ.

ಆ ಉಂಗುರವನ್ನು ಓದುವವರು ಈ ನೆಲದವರೂ ಆಗಬೇಕು ಎಂಬುದು ನನ್ನ ಆಸೆ. ದಾರಿ ಮುಚ್ಚಿಲ್ಲ. ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಮೂಲಕ ಭಾರತದ ಸಂಶೋಧಕರು ಪೆಟ್ರಾ-3ರಲ್ಲಿ ಕೆಲಸ ಮಾಡಿ ಬಂದಿದ್ದಾರೆ. ಇಂದೋರ್‌ನಲ್ಲಿ ನಮ್ಮದೇ ಇಂಡಸ್-2 ಸಿಂಕ್ರೊಟ್ರಾನ್ ಇದೆ. ಕಲಬುರಗಿ ಹತ್ತಿರದ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಕಿರಣದ ಸಮಯ ಬೇಡುವ ಅರ್ಜಿ ಗೆಲ್ಲುವುದು ಒಳ್ಳೆಯ ಪ್ರಶ್ನೆಯಿಂದ. ಚಿಂಚೋಳಿಯ ಬೇಸಿಗೆಯಲ್ಲಿ ಕಲಸಿದ ಹೊಸ ಸಿಮೆಂಟಿನಲ್ಲಿ ಎಟ್ರಿಂಗೈಟ್ ಎಷ್ಟು ಬೇಗ ಹುಟ್ಟುತ್ತದೆ? ಫರಸಿ ಖಣಿಯಲ್ಲಿ ರಾಶಿ ಬಿದ್ದಿರುವ ಸುಣ್ಣದ ಕಲ್ಲಿನ ಚೂರುಗಳನ್ನು ಬೇಯಿಸದೆ ಅರೆದು ಬೆರೆಸಿದರೆ 28ನೇ ದಿನ ಎಷ್ಟು ಬಲ ಬರುತ್ತದೆ? ಶಹಾಬಾದ, ವಾಡಿ, ಸೇಡಂನ ಕಾಲೇಜು ಹುಡುಗ ಹುಡುಗಿಯರು ಇಂಥ ಪ್ರಶ್ನೆಗಳ ನಡುವೆಯೇ ಬೆಳೆದವರು. ಇವುಗಳನ್ನು ಕೇಳಲು ಅವರಿಗಿಂತ ಹಕ್ಕುಳ್ಳವರು ಬೇರೆ ಇಲ್ಲ.