ಯಾರಿಗೂ ಬೇಕಿಲ್ಲದ ಚಿತ್ರ

ನಿಮ್ಮ ಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರನ್ನೋ, ಅಗಲಿದವರ ಸ್ಮರಣಾರ್ಥವಾಗಿ ಹಂಚಿದ ಪುಟ್ಟ ಕಾರ್ಡನ್ನೋ ನೋಡುವಾಗ ಅದನ್ನು ಜೋಡಿಸಿದವರು ಯಾರೆಂದು ನೀವು ಕೇಳಿರಲಾರಿರಿ. ಕೇಳಬೇಕಾದ್ದೂ ಇಲ್ಲ. ಒಳ್ಳೆಯ ವಿನ್ಯಾಸವು ತನ್ನನ್ನು ತೋರಿಸಿಕೊಳ್ಳುವುದಿಲ್ಲ. ಗುರುಸೇವೆಯ ಜೊತೆಯಲ್ಲಿಯೇ ಇಪ್ಪತ್ತು ವರ್ಷಗಳಿಂದ ಈ ಕೆಲಸವೂ ನನ್ನ ಪಾಲಿಗೆ ಬಂದಿದೆ. ಪೇಜ್‌ಮೇಕರ್ ಕಾಲದಲ್ಲಿ ಕಲಿತದ್ದು. ತಂತ್ರಾಂಶಗಳು ಬದಲಾದವು, ಕುರ್ಚಿ ಮಾತ್ರ ಅದೇ.

ಗುರುಮಠದ ದಿನಗಳಲ್ಲಿ ನನ್ನ ಬಳಿ ಯಾಶಿಕಾ ಕ್ಯಾಮರಾ ಒಂದಿತ್ತು. ಒಂದು ರೀಲಿಗೆ 36 ಚಿತ್ರಗಳು. ತೊಳೆಸಲು ಹಣ ಕೂಡುವವರೆಗೆ ರೀಲು ಪೆಟ್ಟಿಗೆಯಲ್ಲೇ ಕಾಯುತ್ತಿತ್ತು. ಅಭಿಷೇಕವಾಯಿತು, ಹೊಣೆಗಳು ಬಂದವು, ಕ್ಯಾಮರಾ ಮೂಲೆ ಸೇರಿತು. ಆಮೇಲೆ ನಾನು ತೆಗೆದ ಚಿತ್ರಗಳೆಲ್ಲ ಪುಟಗಳಿಗಾಗಿ. ಹಾಗೆ ತೆಗೆಯುವವನ ಕಣ್ಣೇ ಬೇರೆ. ಮುಖಪುಟದ ಶೀರ್ಷಿಕೆಗೆಂದು ಆಕಾಶವನ್ನು ಖಾಲಿ ಬಿಡಬೇಕು, ಮಡಿಕೆ ಬೀಳುವಲ್ಲಿ ಯಾರ ಮುಖವೂ ಬರಬಾರದು. ಹೇಮಾವತಿಯ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಮೇಲೇಳುವ ಶೆಟ್ಟಿಹಳ್ಳಿಯ ದೇವಾಲಯದ ಮುಂದೆ ನಿಂತಾಗಲೂ ನನಗೆ ಮೊದಲು ಕಂಡದ್ದು ಅಕ್ಷರ ಕೂರಿಸುವ ಜಾಗ!

ಐವತ್ತು ದಾಟಿದ ಮೇಲೆ ನನ್ನನ್ನು ಮತ್ತೆ ಕ್ಯಾಮರಾದತ್ತ ತಿರುಗಿಸಿದವರು ಐರ್ಲೆಂಡಿನ ಯೇಸುಸಭೆಯ ಫಾದರ್ ಫ್ರಾನ್ಸಿಸ್ ಬ್ರೌನ್. ಅವರ ಬದುಕನ್ನು ಓದಿ ನಾನು ಬೆರಗಾದೆ. ಧರ್ಮಾಧ್ಯಕ್ಷರಾಗಿದ್ದ ಚಿಕ್ಕಪ್ಪ ಕೊಡಿಸಿದ ಟಿಕೆಟ್ಟಿನಲ್ಲಿ 1912ರ ಏಪ್ರಿಲಿನಲ್ಲಿ ಅವರು ಟೈಟಾನಿಕ್ ಹಡಗನ್ನೇರಿದರು. ಆಗಿನ್ನೂ ಗುರುಪಟ್ಟವಾಗಿರಲಿಲ್ಲ. ಸಹಪ್ರಯಾಣಿಕರಾದ ಸಿರಿವಂತ ದಂಪತಿಗಳು ನ್ಯೂಯಾರ್ಕಿನವರೆಗಿನ ಖರ್ಚನ್ನು ತಾವೇ ಕೊಡುತ್ತೇವೆಂದರು. ಅನುಮತಿ ಕೇಳಿದರೆ, ಹಡಗಿನಿಂದ ಇಳಿಯಬೇಕೆಂದು ಮೇಲಧಿಕಾರಿಗಳ ತಂತಿ ಬಂತು. ಕ್ವೀನ್ಸ್‌ಟೌನಿನಲ್ಲಿ ಅವರು ಇಳಿದರು. ಹಡಗಿನ ಮೇಲೆ ಬುಗುರಿ ಆಡಿಸುತ್ತಿದ್ದ ಬಾಲಕನ ಚಿತ್ರ ಅವರ ಕ್ಯಾಮರಾದೊಡನೆ ದಡ ಸೇರಿತು.

ಲೋಕಕ್ಕೆ ಗೊತ್ತಿರುವುದು ಇಷ್ಟೇ. ನನಗೆ ಮುಖ್ಯವಾದದ್ದು ಆಮೇಲಿನದು. 1915ರಲ್ಲಿ ಗುರುಪಟ್ಟ, ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರ ಆತ್ಮಪಾಲಕರಾಗಿ ಸೇವೆ, ವಿಷಾನಿಲದಿಂದ ಹದಗೆಟ್ಟ ಆರೋಗ್ಯ, ಅನಂತರ ಊರೂರು ಸುತ್ತಿ ಧ್ಯಾನಕೂಟಗಳ ಬೋಧನೆ. ಇಷ್ಟರ ನಡುವೆ ಕ್ಯಾಮರಾವನ್ನು ಅವರು ಕೆಳಗಿಡಲೇ ಇಲ್ಲ. 1960ರಲ್ಲಿ ತೀರಿಕೊಂಡರು. ಇಪ್ಪತ್ತೈದು ವರ್ಷ ಕಳೆದು, 1985ರಲ್ಲಿ, ಅವರ ಸಭೆಯ ಇನ್ನೊಬ್ಬ ಗುರುಗಳು ಹಳೆಯ ಟ್ರಂಕೊಂದನ್ನು ತೆರೆದಾಗ ಸುಮಾರು 42,000 ನೆಗೆಟಿವ್‌ಗಳು ಸಿಕ್ಕವು. ಅಷ್ಟು ಚಿತ್ರಗಳು ಕಾಲು ಶತಮಾನ ಕತ್ತಲೆಯಲ್ಲಿದ್ದವು! ಇದನ್ನು ಕೆಲವರು ದುರದೃಷ್ಟವೆನ್ನಬಹುದು. ನನಗೆ ಹಾಗನ್ನಿಸಲಿಲ್ಲ. ನೋಡಿದ ಸಂತೋಷ ಆ ಗುರುಗಳಿಗೆ ಕ್ಲಿಕ್ಕಿಸಿದ ಗಳಿಗೆಯಲ್ಲೇ ಸಂದಿರಬೇಕು.

ಈಗ ಪ್ರತಿ ಗುರುವಾರ, ಬೆಳಗಿನ ಬಲಿಪೂಜೆ ಮುಗಿಸಿ ಒಂದು ತಾಸು ಕ್ಯಾಮರಾ ಹಿಡಿದು ನಡೆಯುತ್ತೇನೆ. ಮುದ್ರಣಾಲಯದ ಫೋನನ್ನು ಒಯ್ಯುವುದಿಲ್ಲ. ಬಟ್ಟೆ ಒಗೆದು ಒಗೆದು ನುಣುಪಾದ ಕಲ್ಲು, ಹೆಂಚಿನ ಸಂದಿಯಿಂದ ಇಳಿದ ಬಿಸಿಲು, ಸೈಕಲ್ಲಿನ ಮೇಲೆ ಕಟ್ಟಿದ ಹುಲ್ಲುಹೊರೆ: ಇಂಥವು ಸಾಕು. ಆಕಾಶವನ್ನು ಖಾಲಿ ಬಿಡುವ ಅಭ್ಯಾಸ ಮಾತ್ರ ಇನ್ನೂ ಪೂರ್ತಿ ಬಿಟ್ಟಿಲ್ಲ. ಆದರೆ ಶುಕ್ರವಾರ ಗಣಕದ ಮುಂದೆ ಕುಳಿತಾಗ ಪುಟ ನನ್ನನ್ನು ಮುಂಚಿನಷ್ಟು ದಣಿಸುವುದಿಲ್ಲ.

ಸ್ಮರಣೆಯ ಕಾರ್ಡುಗಳ ಕೆಲಸದಲ್ಲಿ ನನಗೆ ಸದಾ ಒಂದು ಸಂಕಟವಿತ್ತು. ಎಂಬತ್ತು ವರ್ಷ ಬಾಳಿದ ತಾಯಿಯದೆಂದು ಮಕ್ಕಳು ತರುವುದು ಗುರುತಿನ ಚೀಟಿಯ ಹೆಬ್ಬೆರಳಗಲದ ಪಟವನ್ನು. ಇಲ್ಲವೇ ಯಾರದೋ ಮದುವೆಯ ಗುಂಪಿನಿಂದ ಕತ್ತರಿಸಿದ ಮುಖವನ್ನು, ಪಕ್ಕದವರ ಭುಜದ ಸಮೇತ. ಎಷ್ಟು ಹಿಗ್ಗಿಸಿದರೂ ಅದರಲ್ಲಿ ಆಕೆ ಇರುವುದಿಲ್ಲ.

ಕಳೆದ ತಿಂಗಳು ಹೊಸ್ತಿಲ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದ ಹಿರಿಯ ತಾಯಿಯೊಬ್ಬರು ನನ್ನನ್ನು ತಡೆದು ಕೇಳಿದರು:

"ಯಾವ ಪುಸ್ತಕಕ್ಕೆ ಸ್ವಾಮಿ, ಈ ಪಟಗಳು?"

"ಯಾವುದಕ್ಕೂ ಇಲ್ಲಮ್ಮ."

"ಸುಮ್ಮನೇನಾ?"

"ಹೌದಮ್ಮ, ಸುಮ್ಮನೆ."

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ಮೊರವನ್ನು ಮಾತ್ರ ಮಡಿಲಿನಿಂದ ಇಳಿಸಲಿಲ್ಲ.

"ಹಂಗಾದ್ರೆ ನಂದೂ ಒಂದು ತೆಗೀರಿ ಸ್ವಾಮಿ, ಸುಮ್ಮನೆ."